ಲುವೆಲಾ ಯಾರಿಗೂ ಏನೂ ಹೇಳಲಿಲ್ಲ

ಕ್ಲಾನ್ ಅನ್ನುವ ಹೆಸರು ವರ್ಡಾಳ ಕಿವಿಗೆ ಮೊದಲ ಸಲ ಬಿದ್ದಾಗ ಅವಳು ಕೋಳಿಯ ಪುಕ್ಕ ಕೀಳುತ್ತಿದ್ದಳು. ಕೆಂಟನ್ ಮಿಲ್ಸ್ ಊರಿನ ಚರ್ಚಿನ ಹಿಂದೆ, ಕುದಿನೀರಿನ ಹಂಡೆಯ ಸುತ್ತ ಹೆಂಗಸರೆಲ್ಲ ಸೊಂಟಕ್ಕೆ ಏಪ್ರನ್ ಬಿಗಿದು ಕೂತಿದ್ದರು. ಸಂಜೆ ಚರ್ಚಿನಲ್ಲಿ ಊಟ. ಕೋಳಿಸಾರಲ್ಲಿ ಬೆಂದ ನೂಡಲ್ಸ್ ಇಲ್ಲದಿದ್ದರೆ ಇಂಡಿಯಾನಾದ ಆ ಸೀಮೆಯಲ್ಲಿ ಅದನ್ನು ಯಾರೂ ಊಟ ಅನ್ನುತ್ತಿರಲಿಲ್ಲ. ಸಾವಿರದ ಒಂಬೈನೂರ ಇಪ್ಪತ್ತೆರಡರ ಬೇಸಿಗೆ ಅದು.

ಲುವೆಲಾ ಕ್ರಿಚ್‌ಫೀಲ್ಡ್ ತಡವಾಗಿ ಬಂದಳು. ತಡವಾಗಿ ಬಂದರೆ ಎಲ್ಲರೂ ತಲೆ ಎತ್ತಿ ನೋಡುತ್ತಾರೆ ಅನ್ನುವುದು ಅವಳಿಗೆ ಗೊತ್ತಿತ್ತು.

"ಹೋಟೆಲಲ್ಲಿ ಇಳಿದಿರೋ ಆ ಮನುಷ್ಯನ್ನ ನೋಡಿದ್ರೇನೇ? ಏನು ಬೂಟು, ಏನು ಮಾತು! ಪೆಟಿಗ್ರೂ ಅಂತ. ಕ್ಲಾನ್‌ನವರಂತೆ."

"ಅದೇನೇ ಅದು ಕ್ಲಾನು? ಬೇಲಿ ತಂತಿ ಮಾರೋ ಕಂಪನಿಯಾ?" ಅಂದಳು ಬ್ಲಾಂಚ್. ಎಲ್ಲರೂ ನಕ್ಕರು.

"ನಗ್ರಿ, ನಗ್ರಿ. ದೇವರು, ದೇಶ, ಮನೆ, ಹೆಂಗಸರ ಮಾನ, ಇದನ್ನೆಲ್ಲ ಕಾಯೋರಂತೆ. ಬಿಳಿಯರು, ಅದರಲ್ಲೂ ನಮ್ಮ ಪಂಗಡದ ಕ್ರೈಸ್ತರು ಮಾತ್ರ ಸೇರಬಹುದಂತೆ."

"ನಮ್ಮ ಮಾನಕ್ಕೆ ಈಗ ಏನಾಗಿದೆ ಅಕ್ಕಾ?" ಅಂತ ವರ್ಡಾ ಕೇಳಿದಳು. ಅವಳಿಗಾಗ ಮೂವತ್ತು. ಲುವೆಲಾ ಅವಳಿಗಿಂತ ಹತ್ತು ವರ್ಷ ದೊಡ್ಡವಳು, ಪಕ್ಕದ ಹೊಲದವಳು.

"ನಿನಗೇನಾಗುತ್ತೆ, ಮೈತುಂಬ ಪುಕ್ಕ ಇದೆಯಲ್ಲ," ಅಂದಳು ಲುವೆಲಾ. ಮತ್ತೆ ನಗು.

ಲುವೆಲಾ ಕೆಟ್ಟವಳಾಗಿ ಹುಟ್ಟಿದವಳೇನಲ್ಲ. ಕ್ರೀಮು ಸಕ್ಕರೆಯ ಪೈ ಅನ್ನುವ ಸಿಹಿ ಮಾಡಿದರೆ ಪಕ್ಕದ ಊರಿನವರೂ ಕೇಳಿಕೊಂಡು ಬರಬೇಕು, ಅಂಥ ಕೈ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಾಗಿಲು ತಟ್ಟುವ ಬುಟ್ಟಿ ಅವಳದು. ಆದರೆ ಗಂಡ ಕುಡುಕ. ಚರ್ಚಿನ ಮಹಿಳಾ ಸಂಘದಲ್ಲಿ ಅಧ್ಯಕ್ಷೆಯಾಗುತ್ತಿದ್ದವಳು ಯಾವಾಗಲೂ ಬ್ಯಾಂಕಿನವನ ಹೆಂಡತಿ, ಪಾತ್ರೆ ತೊಳೆಯುತ್ತಿದ್ದವಳು ಲುವೆಲಾ. ಅವಳೊಳಗೆ ಯಾರೂ ಕೂರದ ಒಂದು ಕುರ್ಚಿ ಖಾಲಿ ಬಿದ್ದಿತ್ತು. ಪೆಟಿಗ್ರೂ ಅದನ್ನು ಬಂದ ವಾರದಲ್ಲೇ ಕಂಡುಕೊಂಡ.

ಅವನ ಕಸುಬೇ ಅದು. ಊರಿಗೆ ಕಾಲಿಟ್ಟ ಕೂಡಲೇ ಅವನು ಭಾಷಣ ಮಾಡುತ್ತಿರಲಿಲ್ಲ. ಕ್ಷೌರದಂಗಡಿಯಲ್ಲಿ ಕೂತು, ಇಲ್ಲಿನವರಿಗೆ ಯಾರ ಮೇಲೆ ಸಿಟ್ಟಿದೆ ಅಂತ ಕೇಳಿ ತಿಳಿಯುತ್ತಿದ್ದ. ಗಣಿಯ ಊರಿನಲ್ಲಿ ಇಟಲಿಯವರ ಮೇಲೆ, ರೈಲು ನಿಲ್ಲುವ ಊರಿನಲ್ಲಿ ಯೆಹೂದಿ ಅಂಗಡಿಯವನ ಮೇಲೆ, ಇನ್ನೊಂದು ಕಡೆ ಪೋಪನ ಭಕ್ತರ ಮೇಲೆ, ಕಳ್ಳಭಟ್ಟಿಯವರ ಮೇಲೆ. ಯಾವ ಊರಿಗೆ ಯಾವ ಹುಣ್ಣೋ ಅದನ್ನೇ ಉಗುರಿನಿಂದ ಕೆರೆಯುವುದು. ಸೇರಿದ ಪ್ರತಿಯೊಬ್ಬನ ಪ್ರವೇಶ ಹಣದಲ್ಲಿ ಅವನಿಗೂ ಪಾಲಿತ್ತು. ದ್ವೇಷವನ್ನು ಹಾಗೆ ಮನೆಮನೆಗೆ ಹೊಲಿಗೆ ಯಂತ್ರ ಮಾರಿದಂತೆ ಮಾರಬಹುದು ಅಂತ ವರ್ಡಾಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೊದಲು ಪಾದ್ರಿಯನ್ನು ಹಿಡಿದ. ಪಾದ್ರಿಗಳಿಗೆ ಸದಸ್ಯತ್ವ ಬಿಟ್ಟಿ. ಆಮೇಲೊಂದು ಭಾನುವಾರ, ಕೀರ್ತನೆಯ ನಡುವೆ, ಬಾಗಿಲು ತೆರೆದು ಬಿಳಿ ನಿಲುವಂಗಿ, ಮೊನಚು ಮುಸುಕಿನವರು ಸಾಲಾಗಿ ಒಳಗೆ ಬಂದರು. ವೇದಿಕೆಯ ಮೇಲೆ ಕಾಣಿಕೆಯ ಲಕೋಟೆ ಇಟ್ಟರು, ಹೋದರು. ಮಕ್ಕಳು ಹೆದರಿ ಅಮ್ಮಂದಿರ ಲಂಗಕ್ಕೆ ಮುಖ ಒತ್ತಿದವು. ದೊಡ್ಡವರ ಕಣ್ಣಲ್ಲಿ ಮಾತ್ರ ನೀರು. ಮುಖ ಮುಚ್ಚಿಕೊಂಡು ದೇವರ ಮನೆಗೆ ಬಂದವರನ್ನು ನೋಡಿ ಅಳುವುದೇ! ಅಂದುಕೊಂಡಳು ವರ್ಡಾ. ಪಕ್ಕದಲ್ಲಿ ಕೂತಿದ್ದ ಗಂಡ ಓಟಿಸ್, ಕುದುರೆ ಸಜ್ಜು ಹೊಲಿಯುವವನು, ಕಿವಿಯಲ್ಲಿ ಪಿಸುಗುಟ್ಟಿದ: "ಮೂರನೆಯವನು ನಮ್ಮ ಬ್ಯಾಂಕಿನೋನು. ಆ ಸೊಟ್ಟ ಕಾಲಿನ ನಡಿಗೆಗೆ ಮುಸುಕು ಹಾಕೋದು ಮರೆತಿದ್ದಾನೆ."

ಮುಂದಿನ ಬೇಸಿಗೆಯ ಹೊತ್ತಿಗೆ ಊರೇ ಅವರದು. ಹೊಲದಲ್ಲಿ ಜಾತ್ರೆಯಂಥ ಊಟ, ಬ್ಯಾಂಡು, ಮೆರವಣಿಗೆ, ಚೆಂದದ ಮಗುವಿಗೆ ಬಹುಮಾನ. ಹಾಲು ಹಲ್ಲಿನ ಕೂಸುಗಳಿಗೂ ಪುಟ್ಟ ನಿಲುವಂಗಿ. ಹೆಂಗಸರಿಗೇ ಬೇರೆ ಶಾಖೆ, ಅದಕ್ಕೆ ಲುವೆಲಾ ಮುಖ್ಯಸ್ಥೆ. ಬ್ಯಾಂಕಿನವನ ಹೆಂಡತಿ ಈಗ ಅವಳ ಕೈಕೆಳಗೆ ಪಾತ್ರೆ ತೊಳೆಯುತ್ತಿದ್ದಳು.

"ನೀನೂ ಬಾರೇ ವರ್ಡಾ," ಅಂತ ಲುವೆಲಾ ಬೇಲಿಯ ಹತ್ತಿರ ಬಂದು ಕರೆದಳು. "ಬಡವರಿಗೆ ಬಟ್ಟೆ ಕೊಡ್ತೀವಿ, ಬಾಣಂತಿಯರಿಗೆ ಬುಟ್ಟಿ ಕಳಿಸ್ತೀವಿ. ಒಳ್ಳೇ ಕೆಲಸ ಕಣೇ."

"ವೀವರ್ ಕೇರಿಯ ಬಾಣಂತಿಯರಿಗೂ ಕಳಿಸ್ತೀರಾ ಅಕ್ಕಾ?"

ಲುವೆಲಾಳ ಮುಖ ಗಂಟಿಕ್ಕಿತು. "ಎಲ್ಲದಕ್ಕೂ ಒಂದು ಕೊಂಕು ತೆಗೀತೀಯಲ್ಲ, ನಿನ್ನ ನಾಲಿಗೆಗೆ ಬೀಗ ಇಲ್ವಾ?"

ವೀವರ್ ಕೇರಿ ಅಂದರೆ ತೊರೆಯಾಚೆಯ ಕರಿಯರ ಹೊಲಗಳು. ಅಂತರ್ಯುದ್ಧಕ್ಕೂ ಮೊದಲು ಬಂದು ಕಾಡು ಕಡಿದು ನೆಲ ಮಾಡಿಕೊಂಡವರು ಅವರು. ಎಷ್ಟೋ ಬಿಳಿಯರಿಗಿಂತ ಹಳಬರು. ಅಲ್ಲಿಯ ಹೆಸ್ಟರ್ ವೀವರ್ ಸೂಲಗಿತ್ತಿ. ತೊರೆಯ ಎರಡೂ ದಂಡೆಯ ಅರ್ಧ ಮಕ್ಕಳು ಬಿದ್ದದ್ದು ಅವಳ ಕೈಗೆ. ಲುವೆಲಾಳ ಒಬ್ಬಳೇ ಮಗಳು ನಿಯೋಮಾ ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡು ಹುಟ್ಟಿದಾಗ, ಬಳ್ಳಿ ಬಿಡಿಸಿ ಬಾಯಿಗೆ ಉಸಿರು ಊದಿ ಉಳಿಸಿದವಳು ಅವಳೇ. ಆದರೂ ಬಿಳಿಯರ ಮನೆಗಳಲ್ಲಿ ಮೊನ್ನೆ ಹುಟ್ಟಿದ ಮಗುವೂ ಅವಳನ್ನು ಏಕವಚನದಲ್ಲೇ ಕರೆಯುತ್ತಿತ್ತು. ವರ್ಡಾಳ ತಾಯಿ ಮಾತ್ರ ಮಕ್ಕಳ ಕಿವಿ ಹಿಂಡಿ 'ಹೆಸ್ಟರಮ್ಮ' ಅನ್ನಿಸಿದ್ದಳು.

ವೀವರ್ ಕೇರಿಯ ನೆಲ ಕಪ್ಪು, ಬೆಣ್ಣೆಯಂಥ ನೆಲ. ಅದರ ಮೇಲೆ ಬ್ಯಾಂಕಿನವನ ಕಣ್ಣಿತ್ತು. ಊರಿಗೆ ಹೊಸದಾಗಿ ಬಂದ ಡಾಕ್ಟರನ ಕಣ್ಣು ಹೆರಿಗೆಗಳ ಮೇಲಿತ್ತು. ಇಬ್ಬರೂ ಮುಸುಕಿನವರೇ. ಒಂದು ಮನೆ ಎದ್ದು ಹೋದರೆ ಉಳಿದವೂ ಒಂದೊಂದಾಗಿ ಹೋಗುತ್ತವೆ. ಮೊದಲು ಹೋಗಬೇಕಾದವಳು ಹೆಸ್ಟರ್ ಅಂತ ತೀರ್ಮಾನವಾಯಿತು. ಗಂಡಸರು ಹೋಗಿ ಗದರಿಸಿದರೆ ನಾಳೆ ಕೋರ್ಟು ಕಚೇರಿ. ಈ ಕೆಲಸಕ್ಕೆ ಹೆಂಗಸರ ಬಾಯಿಯೇ ಸರಿ ಅಂತ ಪೆಟಿಗ್ರೂ ಲುವೆಲಾಳಿಗೆ ಒಪ್ಪಿಸಿದ. ಹೇಗೆ ಮಾಡಬೇಕು ಅನ್ನುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಆಗಿನ ಹಳ್ಳಿ ಟೆಲಿಫೋನು ಅಂದರೆ ರಸ್ತೆಗೆಲ್ಲ ಸೇರಿ ಒಂದೇ ತಂತಿ. ಲುವೆಲಾಳ ಮನೆಗೆ ಎರಡು ಉದ್ದ ಒಂದು ಗಿಡ್ಡ ಗಂಟೆ, ವರ್ಡಾಳ ಮನೆಗೆ ಒಂದು ಉದ್ದ ಎರಡು ಗಿಡ್ಡ. ಯಾರ ಗಂಟೆ ಬಾರಿಸಿದರೂ ಎಲ್ಲ ಮನೆಯಲ್ಲೂ ಕೇಳುತ್ತಿತ್ತು, ಎಲ್ಲರೂ ಮೆಲ್ಲಗೆ ಫೋನೆತ್ತಿ ಕಿವಿಗಿಟ್ಟುಕೊಳ್ಳುತ್ತಿದ್ದರು. ಬಟಾಣಿ ಬಿಡಿಸುತ್ತ, ಕಾಲುಚೀಲ ಹೊಲಿಯುತ್ತ ಕೇಳುವುದು. ಯಾರ ಮನೆಯ ಗಡಿಯಾರ ಟಿಕ್ ಅನ್ನುತ್ತಿದೆ, ಯಾರ ಪಂಜರದ ಹಕ್ಕಿ ಚಿಲಿಪಿಲಿ ಅನ್ನುತ್ತಿದೆ ಅನ್ನುವುದರಿಂದಲೇ ಯಾರ್‍ಯಾರು ಕೇಳುತ್ತಿದ್ದಾರೆ ಅಂತ ಗೊತ್ತಾಗುತ್ತಿತ್ತು. ಆದರೆ ಒಂದು ಕಟ್ಟು: ಕೇಳುವವರು ಬಾಯಿ ಬಿಡಬಾರದು, ಕೇಳಿದೆ ಅಂತ ಒಪ್ಪಿಕೊಳ್ಳಲೂಬಾರದು. ನೆಂಟರ ಮನೆಯಲ್ಲಿ ಅನ್ನ ಹಳಸಿದ್ದರೂ ಸುಮ್ಮನೆ ನುಂಗುತ್ತೇವಲ್ಲ, ಹಾಗೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಬ್ಲಾಂಚಳ ಗಂಟೆ ಬಾರಿಸಿತು. ವರ್ಡಾ ಎತ್ತಿದಳು.

"ಬ್ಲಾಂಚ್, ಯಾರಿಗೂ ಹೇಳಬೇಡ ಕಣೇ," ಲುವೆಲಾಳ ದನಿ. ಅಷ್ಟಂದು ನಿಲ್ಲಿಸಿದಳು. ಒಂದೊಂದಾಗಿ ಗಡಿಯಾರಗಳು ತಂತಿಯ ಮೇಲೆ ಬಂದವು. ಹಕ್ಕಿ ಬಂತು. ಎಲ್ಲ ಬಂದು ಕೂತ ಮೇಲೆ ಮುಂದುವರಿಸಿದಳು. "ಟಾಲಿವರ್ ಮನೆ ಕೂಸು ಹೋಯ್ತಲ್ಲ, ನೀಲಿಗಟ್ಟಿ. ಹೆಸ್ಟರ್ ಕೈಯಲ್ಲಿ ಏನೋ ರೋಗ ಇದೆಯಂತೆ. ಕೈಗೆ ಏನೋ ಸವರ್ಕೊಂಡು ಬರ್ತಾಳಂತೆ. ನಾನೇನೂ ಹೇಳ್ತಿಲ್ಲಪ್ಪ. ಮನಸ್ಸು ತಡೀಲಿಲ್ಲ, ನಿನಗೊಬ್ಬಳಿಗೆ ಅಂದೆ."

"ಅಯ್ಯೋ ದೇವರೇ! ನಮ್ಮ ಬಿಳೀ ಮಕ್ಕಳ್ನ ಮಾತ್ರವಾ?"

"ನೀನೇ ಯೋಚನೆ ಮಾಡು. ನಾನು ಬಾಯಿ ಬಿಡಲ್ಲ."

ಎಂಥ ನಾಜೂಕು! ಯಾರಿಗೂ ಹೇಳಿಲ್ಲ, ಇಡೀ ರಸ್ತೆಗೆ ಹೇಳಿಯಾಯಿತು. ನಾಳೆ ಯಾರಾದರೂ ಎದುರು ನಿಲ್ಲಿಸಿ ಕೇಳಿದರೆ ಬೈಬಲಿನ ಮೇಲೆ ಕೈ ಇಟ್ಟು ಇಲ್ಲ ಅನ್ನಬಹುದು. ಕೇಳಿದವರು ಕದ್ದು ಕೇಳಿದವರು, ಎಲ್ಲಿ ಕೇಳಿದೆ ಅಂತ ಬಾಯಿ ಬಿಡುವಂತಿಲ್ಲ. ಬೆಣ್ಣೆ ಹಚ್ಚಿದ ತಟ್ಟೆಯಲ್ಲಿ ಪೈ ಹಿಟ್ಟು ಹರಡುವ ಅದೇ ಬೆರಳುಗಳಿಂದ ಈ ಹೊಲಸನ್ನೂ ಸಮನಾಗಿ ಹರಡುತ್ತಿದ್ದಾಳೆ ಅನ್ನಿಸಿತು ವರ್ಡಾಗೆ. ಆ ಟಾಲಿವರ್ ಹೆರಿಗೆಯಲ್ಲಿ ದೀಪ ಹಿಡಿದು ನಿಂತವಳು ವರ್ಡಾಳೇ. ಅವಳು ಕಟ್ಟು ಮುರಿದಳು.

"ಲುವೆಲಕ್ಕಾ, ನಾನು ವರ್ಡಾ. ಆ ಕೂಸು ಸತ್ತೇ ಹುಟ್ಟಿದ್ದು. ಹೆಸ್ಟರಮ್ಮ ಬರೋದಕ್ಕೂ ಮೊದಲೇ. ನಾನಲ್ಲೇ ಇದ್ದೆ. ನೀನು ಹೇಳ್ತಿರೋದು ಸುಳ್ಳು."

ಹಕ್ಕಿ ಕೂಡ ಸುಮ್ಮನಾಯಿತು. ಆಮೇಲೆ ಕ್ಲಿಕ್, ಕ್ಲಿಕ್, ಕ್ಲಿಕ್, ಒಬ್ಬೊಬ್ಬರಾಗಿ ಫೋನು ಇಟ್ಟರು. ಕೊನೆಗೆ ವರ್ಡಾ ಒಬ್ಬಳೇ ತಂತಿಯ ಮೇಲೆ ನಿಂತಿದ್ದಳು.

ಆ ವಾರ ಊರೆಲ್ಲ ಅದೇ ಮಾತು. ಹೆಸ್ಟರಳ ಮೇಲಿನ ಮಾತು ಸುಳ್ಳೋ ನಿಜವೋ ಅಂತ ಅಲ್ಲ. ವರ್ಡಾ ಹ್ಯಾಡ್ಲಿ ಕದ್ದು ಕೇಳ್ತಾಳಂತೆ! ಕದ್ದು ಕೇಳಿದ್ದಲ್ಲದೆ ನಡುವೆ ಬಾಯಿ ಹಾಕಿದಳಂತೆ! ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಬ್ಲಾಂಚ್ ಎಲ್ಲರೆದುರೇ, "ಏನೇ ವರ್ಡಾ, ಕಿವಿ ತೊಳ್ಕೊಂಡು ಬಂದೆಯಾ? ಇವತ್ತು ಪಾದ್ರಿಗಳು ಸ್ವಲ್ಪ ಮೆತ್ತಗೆ ಮಾತಾಡ್ತಾರಂತೆ," ಅಂದಳು. ಕದ್ದು ಕೇಳಿದ ಹೆಂಗಸರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಪಾದ್ರಿಯ ಹೆಂಡತಿ ಪಕ್ಕಕ್ಕೆ ಕರೆದು, "ಮರ್ಯಾದಸ್ಥರು ಹಾಗೆಲ್ಲ ಮಾಡಬಾರದಮ್ಮ," ಅಂತ ಬುದ್ಧಿ ಹೇಳಿದಳು. ಓಟಿಸನ ಅಂಗಡಿಗೆ ಸಜ್ಜು ರಿಪೇರಿಗೆ ಬರುವವರು ನಿಂತರು. ಬೇರೆ ಅಂಗಡಿಗಳ ಕಿಟಕಿಯಲ್ಲಿ 'ನಮ್ಮವರ ಹತ್ತಿರವೇ ವ್ಯಾಪಾರ ಮಾಡಿ' ಅನ್ನುವ ಕಾರ್ಡು ಬಂತು.

ವರ್ಡಾ ತೊರೆ ದಾಟಿ ಹೋದಳು. ಹೆಸ್ಟರ್ ಹಿತ್ತಲಲ್ಲಿ ಪರ್ಸಿಮನ್ ಹಣ್ಣು ಹಿಸುಕಿ ಬೀಜ ತೆಗೆಯುತ್ತಿದ್ದಳು.

"ನಮ್ಮ ಕೇರಿಗೆ ತಂತಿ ಎಳೆದಿಲ್ಲ. ಸುದ್ದಿ ಮಾತ್ರ ಎಲ್ಲರಿಗಿಂತ ಮುಂಚೆ ಬರುತ್ತೆ," ಅಂದಳು ತಲೆ ಎತ್ತದೆ. "ನೀನು ಮಾತಾಡಿದೆಯಂತೆ."

"ಇನ್ನೂ ಜೋರಾಗಿ ಹೇಳಬೇಕಿತ್ತು ಹೆಸ್ಟರಮ್ಮ."

"ನಿನಗೆ ಗೊತ್ತಿದ್ದದ್ದನ್ನ ಹೇಳಿದೆ. ಅದಕ್ಕೆ ನಾನು ಕೈ ಮುಗೀಬೇಕಾ? ಮುಗಿಯಲ್ಲ. ಕೂತ್ಕೋ, ಬೀಜ ತೆಗಿ." ಹಣ್ಣಿನ ತಟ್ಟೆ ಅವಳ ಕಡೆ ತಳ್ಳಿ ಅಂದಳು: "ಈ ನೆಲ ನಮ್ಮಜ್ಜನದು. ಹೋಗು ಅಂದಕೂಡಲೇ ಹೋಗೋಕೆ ನಾನೇನು ಸರ್ಕಸ್ಸಿನವಳಾ? ಕರೆಯೋ ಮನೆ ಒಂದು ಉಳಿದ್ರೂ ನಾನು ಇಲ್ಲೇ ಇರ್ತೀನಿ."

ಚಳಿಗಾಲದಲ್ಲಿ ಕರೆಯುವ ಮನೆಗಳು ಕಡಿಮೆಯಾದವು. ಆಮೇಲೆ ಫೆಬ್ರವರಿಯಲ್ಲಿ ಹಿಮ ಕಲ್ಲಾಗಿ ಗಟ್ಟಿಯಾದ ಒಂದು ಮಧ್ಯಾಹ್ನ, ಲುವೆಲಾಳ ಮಗಳು ನಿಯೋಮಾಗೆ ನೋವು ಶುರುವಾಯಿತು. ಮದುವೆಯಾಗಿ ಅದೇ ರಸ್ತೆಯ ಕೊನೆಯ ಮನೆಯಲ್ಲಿದ್ದಳು. ಮಗು ತಿರುಗಿ ಕೂತಿತ್ತು, ಕಾಲು ಮುಂದೆ. ಡಾಕ್ಟರನ ಕಾರು ಸೇತುವೆಯಾಚೆ ಜಾರಿ ಹಳ್ಳಕ್ಕೆ ಬಿದ್ದಿತ್ತು. ನಿಯೋಮಾಳ ಗಂಡ ಯಾರನ್ನೂ ಕೇಳದೆ ಜಾರುಗಾಡಿ ಕಟ್ಟಿ ಹೆಸ್ಟರಳನ್ನು ಕರೆದುಕೊಂಡು ಬಂದ. ಬಿಸಿನೀರು ಕಾಯಿಸಲು ಕರೆದರು ಅಂತ ವರ್ಡಾ ಅಲ್ಲಿದ್ದಳು. ಲುವೆಲಾ ಹಾಸಿಗೆಯ ತಲೆದೆಸೆಯಲ್ಲಿ, ಬ್ಲಾಂಚ್ ಕಿಟಕಿಯ ಹತ್ತಿರ.

ಹೆಸ್ಟರ್ ತೋಳು ಮಡಿಸಿ ಕೈ ತೊಳೆದು ಒಳಗೆ ಬಂದದ್ದೇ ತಡ, ನಿಯೋಮಾ ಕಿಟಾರನೆ ಕಿರುಚಿದಳು.

"ಬೇಡ! ಅವಳು ಮುಟ್ಟೋದು ಬೇಡ! ಅಮ್ಮಾ, ಬೇಡ ಅನ್ನಮ್ಮಾ! ಅವಳ ಕೈಯಲ್ಲಿ ರೋಗ ಇದೆ, ನೀನೇ ಬ್ಲಾಂಚತ್ತೆಗೆ ಹೇಳ್ತಿದ್ದೆ, ನಾನು ಕೇಳಿಸ್ಕೊಂಡೆ!"

ರಸ್ತೆಯ ಕೊನೆಯ ಆ ಹೊಸ ಮನೆಯ ಗಡಿಯಾರ ಲುವೆಲಾಳ ಕಿವಿಗೆ ಇನ್ನೂ ಪಳಗಿರಲಿಲ್ಲ. ಎಲ್ಲರೂ ಕೇಳಲಿ ಅಂತ ತಂತಿಯ ಮೇಲೆ ಇಟ್ಟದ್ದನ್ನು ತನ್ನ ಮಗಳೂ ಕೇಳುತ್ತಾಳೆ, ಕೇಳಿ ನಂಬುತ್ತಾಳೆ ಅನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ.

"ಹೇಳು ಅಕ್ಕಾ," ಅಂದಳು ವರ್ಡಾ. "ಸುಳ್ಳು ಅಂತ ಹೇಳು. ಇವರ ಕೈಯಲ್ಲೇ ನಿನ್ನ ಮಗಳು ಹುಟ್ಟಿದ್ದು ಅಂತ ಹೇಳು. ಒಂದೇ ಮಾತು."

ಹೆಸ್ಟರ್ ಒದ್ದೆ ಕೈ ಮೇಲೆತ್ತಿ ನಿಂತಿದ್ದಳು. ನೀರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಲುವೆಲಾ ಮಗಳನ್ನು ನೋಡಿದಳು. ಆಮೇಲೆ ಕಿಟಕಿಯ ಹತ್ತಿರ ನಿಂತ ಬ್ಲಾಂಚಳನ್ನು ನೋಡಿದಳು. ಒಪ್ಪಿಕೊಂಡರೆ ನಾಳೆ ಆ ಕುರ್ಚಿ ಬ್ಲಾಂಚಳದು.

"ನಾನು ಯಾರಿಗೂ ಏನೂ ಹೇಳಿಲ್ಲ," ಅಂದಳು ಲುವೆಲಾ.

ಹೆಸ್ಟರ್ ಅಡುಗೆಮನೆಗೆ ಹೋಗಿ ಕೂತಳು. ಕೋಟು ಹಾಕಿಕೊಳ್ಳಲಿಲ್ಲ, ಕರೆದಾರು ಅಂತ ತೋಳು ಮಡಿಸಿಕೊಂಡೇ ಕೂತಿದ್ದಳು. ವರ್ಡಾ ಬಾಗಿಲಿಂದ ಬಾಗಿಲಿಗೆ ಓಡಾಡಿ, ಅವಳು ಹೇಳಿಕೊಟ್ಟಂತೆ ಮಾಡಲು ನೋಡಿದಳು. ಆದರೆ ಆ ಕೈಗಳೇ ಬೇರೆ, ಈ ಕೈಗಳೇ ಬೇರೆ. ಕತ್ತಲಾಗುವ ಮುಂಚೆ ಗಂಡುಮಗು ಹೊರಗೆ ಬಂತು, ಉಸಿರಿಲ್ಲದೆ. ಹೆಸ್ಟರ್ ಎದ್ದು, ಬೇಸಿನ್ನಿನ ನೀರು ಹೊರಗೆ ಚೆಲ್ಲಿ, ಅದನ್ನು ಒರೆಸಿ ಮೊಳೆಗೆ ನೇತು ಹಾಕಿ ಹೊರಟಳು.

ಇಷ್ಟಾದ ಮೇಲಾದರೂ ಲುವೆಲಾ ನೆಲಕ್ಕೆ ಬಿದ್ದು ಅಳುತ್ತಾಳೆ ಅಂತ ವರ್ಡಾ ಅಂದುಕೊಂಡಿದ್ದಳು. ಅತ್ತಳು ನಿಜ. ಆದರೆ ಮೂರನೆಯ ದಿನ ಬ್ಲಾಂಚಳ ಗಂಟೆ ಬಾರಿಸಿತು. "ಯಾರಿಗೂ ಹೇಳಬೇಡ ಕಣೇ. ಅವಳು ಮನೆಯೊಳಗೆ ಕಾಲಿಟ್ಟಳು. ಮಗು ಹೋಯ್ತು. ನಾನೇನೂ ಹೇಳ್ತಿಲ್ಲ."

ಥೂ. ಸ್ವಂತ ಮೊಮ್ಮಗನ ಹೆಣವನ್ನೂ ಬಿಡದೆ ಕೆಲಸಕ್ಕೆ ಹಚ್ಚಿದಳು. ಅವನ ಮಣ್ಣಿಗೆ ಶಾಖೆಯ ಹೆಂಗಸರೆಲ್ಲ ನಿಲುವಂಗಿ ತೊಟ್ಟು ಗುಂಡಿಯ ಸುತ್ತ ನಿಂತರು. ಬಿಳಿ ಹೂವಿನ ಶಿಲುಬೆ ಇಟ್ಟರು. ಪೆಟಿಗ್ರೂ ಫೋಟೋದವನನ್ನು ಕರೆಸಿ, "ತಾಯಂದಿರೇ, ಸ್ವಲ್ಪ ಹತ್ತಿರ, ಪೆಟ್ಟಿಗೆ ಕಾಣಲಿ," ಅಂತ ಸಾಲು ಸರಿಮಾಡಿದ. ಪಕ್ಕದ ಜಿಲ್ಲೆಯಲ್ಲಿ ಸದಸ್ಯರನ್ನು ಸೇರಿಸಲು ಆ ಚಿತ್ರ ತುಂಬ ಕೆಲಸಕ್ಕೆ ಬಂತಂತೆ.

ವಸಂತದಲ್ಲಿ ವೀವರ್ ಕೇರಿಯ ದಾರಿಗೆ ಅಡ್ಡಲಾಗಿ, ಜಾಗ ಬಿಡಿ ಅನ್ನುವ ಬೆದರಿಕೆಗೆ, ಶಿಲುಬೆ ನಿಲ್ಲಿಸಿ ಬೆಂಕಿ ಹಚ್ಚಿದರು. ಕರೆಯುವ ಮನೆ ಒಂದೂ ಉಳಿದಿರಲಿಲ್ಲ. ಹೆಸ್ಟರ್ ಹಾಸಿಗೆ, ಒಲೆ, ಹೊಲಿಗೆ ಯಂತ್ರ ಗಾಡಿಗೆ ಏರಿಸಿ ನಗರದಲ್ಲಿದ್ದ ತಂಗಿಯ ಮನೆಗೆ ಹೋದಳು. ಓಟಿಸನೇ ಗಾಡಿ ಹೊಡೆದುಕೊಂಡು ಬಿಟ್ಟು ಬಂದ. ಅಲ್ಲಿ ಅವಳು ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ, ನಾಲ್ಕಾರು ವರ್ಷಕ್ಕೆ ತೀರಿಕೊಂಡಳು. ಅಷ್ಟು ಮಕ್ಕಳನ್ನು ಎತ್ತಿದ ಕೈಗಳು ಬಟ್ಟೆ ಸೋಡಾದ ನೀರಲ್ಲಿ ಸುಲಿದು ಹೋದವು. ಕಪ್ಪು ನೆಲ ಬ್ಯಾಂಕಿನವನ ಪಾಲಾಯಿತು.

ಹೆಸ್ಟರ್ ಊರು ಬಿಟ್ಟ ಮರುವರ್ಷ ಕ್ಲಾನಿನ ರಾಜ್ಯದ ದೊಡ್ಡ ನಾಯಕನೇ ಒಂದು ಹೆಣ್ಣಿನ ಮೇಲೆ ಎಸಗಿದ ಕೃತ್ಯಕ್ಕೆ ಜೈಲಿಗೆ ಹೋದ. ಹೆಂಗಸರ ಮಾನ ಕಾಯುವವರು! ಪೆಟಿಗ್ರೂ ಒಂದು ಬೆಳಿಗ್ಗೆ ಊರಲ್ಲಿ ಇರಲಿಲ್ಲ. ನಿಲುವಂಗಿಗಳು ದಿಂಬಿನ ಚೀಲವಾದವು, ಗಾದಿಯ ಒಳಪದರವಾದವು. ಕೇಳಿದರೆ ಊರಲ್ಲಿ ಒಬ್ಬರೂ ಸೇರಿದವರಿಲ್ಲ. ಸೇರಿದವರೂ ಬರೀ ಊಟಕ್ಕೆ ಹೋಗುತ್ತಿದ್ದವರು. ಯಾರೂ ಯಾರಲ್ಲೂ ಕ್ಷಮೆ ಕೇಳಲಿಲ್ಲ. ಮಡಿಸಿ ಪೆಟ್ಟಿಗೆಗಿಟ್ಟರು, ಅಷ್ಟೇ. ವರ್ಡಾ ಮಾತ್ರ ಕಡೆಯವರೆಗೂ ಆ ಊರಿಗೆ ಕದ್ದು ಕೇಳುವವಳೇ ಆಗಿ ಉಳಿದಳು.

ನಿಯೋಮಾ ಬಹಳ ವರ್ಷ ಬಸಿರಾಗಲಿಲ್ಲ. ಪರರ ಗಂಟೆಗೆ ಫೋನೆತ್ತುವುದನ್ನೂ ಬಿಟ್ಟಳು. ಕೊನೆಗೆ ಹುಟ್ಟಿದವಳು ರೊಸಾಲಿ. ಆ ಹುಡುಗಿ ಕಾಲೇಜಿಗೆ ಹೋಗಿ, ಅರವತ್ತೆರಡನೇ ಇಸವಿಯಲ್ಲಿ, ದನಿ ಹಿಡಿಯುವ ಯಂತ್ರ ಹೊತ್ತುಕೊಂಡು ಹಳಬರ ಮಾತು ಕೇಳುತ್ತ ಬಂದಳು. ಓಟಿಸ್ ಆಗ ಬದುಕಿರಲಿಲ್ಲ. ಬ್ಲಾಂಚ್, ನಿಯೋಮಾ ಇಬ್ಬರೂ ಇರಲಿಲ್ಲ. ಲುವೆಲಾ ವೃದ್ಧಾಶ್ರಮದ ಹಾಸಿಗೆ ಹಿಡಿದಿದ್ದಳು. ಅವಳು ಬರಹೇಳಿದ್ದಾಳೆ ಅಂತ ವರ್ಡಾ ಹೋದಾಗ ರೊಸಾಲಿ ಹಜಾರದಲ್ಲಿ ಯಂತ್ರ ಬಿಚ್ಚಿಕೊಂಡು ಕೂತಿದ್ದಳು.

"ಎಲ್ಲಿಂದ ಶುರು ಮಾಡೋಣ ವರ್ಡಜ್ಜಿ? ನಮ್ಮಜ್ಜಿ ಬರೀ ಪೈ ವಿಷಯ ಹೇಳಿದ್ರು."

"ಹೆಸ್ಟರ್ ವೀವರ್ ಅಂತ ಒಬ್ಬರಿದ್ದರು. ಅಲ್ಲಿಂದ," ಅಂದಳು ವರ್ಡಾ. "ಇಲ್ಲೇ ಇರು. ನಿಮ್ಮಜ್ಜಿಯನ್ನ ನೋಡಿ ಬಂದುಬಿಡ್ತೀನಿ."

ಒಳಗೆ ಲುವೆಲಾ ದಿಂಬಿಗೊರಗಿದ್ದಳು. ಕೂದಲು ನೀಟಾಗಿ ಬಾಚಿತ್ತು.

"ಹುಡುಗಿ ನಿನ್ನನ್ನೂ ಕೇಳ್ತಾಳಂತೆ."

"ಕೇಳ್ತಾಳೆ."

"ನಾನೆಲ್ಲ ಹೇಳಿದೀನಿ. ಬ್ಯಾಂಡು ಇತ್ತು, ಪೈ ಇತ್ತು, ಎಷ್ಟು ಚೆನ್ನಾಗಿತ್ತು ಆ ಕಾಲ."

"ಹೆಸ್ಟರಮ್ಮನ ವಿಷಯ ಹೇಳಿದೆಯಾ?"

"ಯಾವ ಹೆಸ್ಟರು?"

ಹಾಸಿಗೆಯ ಪಕ್ಕದ ಗಡಿಯಾರ ಟಿಕ್ ಅನ್ನುತ್ತಿತ್ತು. ವರ್ಡಾ ಬಾಗಿಲ ಕಡೆ ತಿರುಗಿ ಹಿಡಿಯ ಮೇಲೆ ಕೈಯಿಟ್ಟಳು. ಆಗ ಹಿಂದಿನಿಂದ ಆ ಹಳೇ ದನಿ ಬಂತು. ಮೊದಲೊಂದು ಮಾತಾಡಿ ನಿಲ್ಲಿಸಿ, ಆಮೇಲೆ ಮುಂದುವರಿಸುವ ದನಿ.

"ವರ್ಡಾ. ಆ ತಂತಿ ಮೇಲಿದ್ದೋರಲ್ಲಿ ಇನ್ನು ಉಳಿದಿರೋಳು ನೀನೊಬ್ಬಳೇ ಕಣೇ. ಈ ಸಲವಾದ್ರೂ ಎಲ್ಲರ ಹಾಗೆ, ಕೇಳಿಸ್ಕೊಂಡು ಸದ್ದಿಲ್ಲದೆ ಫೋನು ಇಟ್ಟುಬಿಡೇ."